ಜೇಬಿನೊಳಗಿನ ದನಿ

ಟಿಕ್.

ಸರಿರಾತ್ರಿಯಲ್ಲಿ ಅಷ್ಟೇ ಒಂದು ಸದ್ದು. ಹಬೆಯಪ್ಪ ದಡಕ್ಕನೆ ಎದ್ದು ಕೂತ. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರ್ ಕಾಯುವವನಿಗೆ ಸದ್ದೆಂದರೆ ಜೀವ ಬಾಯಿಗೆ ಬರುತ್ತದೆ. ಆದರೆ ಇದು ದಿಂಬಿನ ಕೆಳಗಿನಿಂದ ಬಂದದ್ದು. ಮಗಳು ಬಿಟ್ಟುಹಾಕಿದ ಹಾಡಿನ ಪ್ಲೇಯರ್ ಮೇಲೆ ತಾನೇ ಹೊರಳಿದ್ದ. ಅದನ್ನು ತೆಗೆದು ಗೂಟದ ಅಂಗಿಯ ಜೇಬಿಗೆ ಹಾಕಿ ಮತ್ತೆ ಮಲಗಿದ. ನಿದ್ದೆ ಬರಲಿಲ್ಲ.

ಬಾಯ್ಲರಿನ ಸೇಫ್ಟಿ ವಾಲ್ವ್ ಅಂಟಿಕೊಂಡಿತ್ತು. ಒತ್ತಡ ಹೆಚ್ಚಾದರೆ ತಾನಾಗಿ ತೆರೆದು ಹಬೆ ಹೊರಬಿಡಬೇಕಾದದ್ದು, ಈಗ ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿದರೂ ಹರಕೆ ಹೊತ್ತವರ ಹಾಗೆ ಮೌನವಾಗಿರುತ್ತಿತ್ತು. ಇವನಿಗಿಂತ ಮೊದಲಿದ್ದವನೂ ಇದನ್ನೇ ಹೇಳಿದ್ದ. ಮ್ಯಾನೇಜರು "ಓಡ್ಸು" ಎಂದಿದ್ದರು. ಅವನ ಮುಖ ಬೆಂದ ಮೇಲೆ "ನಾನ್ಯಾವಾಗ ಹೇಳ್ದೆ?" ಎಂದರು. ಮುಖದ ಹಿಂದೆಯೇ ಅವನ ಕೆಲಸವೂ ಹೋಯಿತು.

ಮೊಬೈಲನ್ನು ಗೇಟಿನಲ್ಲೇ ಪೆಟ್ಟಿಗೆಗೆ ಹಾಕಬೇಕಿತ್ತು. ಹಾಡು ಕೇಳುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಯಂತ್ರಗಳ ಗಲಾಟೆಯಲ್ಲಿ ಅರ್ಧ ಜನರ ಕಿವಿಯಲ್ಲಿ ವೈರು ಇದ್ದೇ ಇರುತ್ತಿತ್ತು. ಈ ಪ್ಲೇಯರ್ ಮಾತನ್ನೂ ಹಿಡಿದಿಡುತ್ತದೆಂದು ಮಗಳು ಹೇಳಿಕೊಟ್ಟಿದ್ದಳು.

"ಒಂದ್ಸಲ ಒತ್ತಿದ್ರೆ ಶುರು, ಇನ್ನೊಂದ್ಸಲ ಒತ್ತಿದ್ರೆ ಬಂದ್," ಎಂದು ಬೆಳಿಗ್ಗೆ ಮತ್ತೊಮ್ಮೆ ನೆನಪಿಸಿದಳು. "ಪರದೆ ಸತ್ತೋಗಿದೆ ಅಪ್ಪಾ, ಏನೂ ಕಾಣಲ್ಲ. ಲೆಕ್ಕ ನೀನೇ ಇಟ್ಕೋಬೇಕು."

"ಇವರ ಕೈಗೆ ಲೆಕ್ಕ ಕೊಡ್ತೀಯಲ್ಲೇ," ಎಂದಳು ಹೆಂಡತಿ. ಅವಳು ನಗಲಿಲ್ಲ. "ಹಿಂದಿನವನ ಹೆಂಡ್ತಿ ನಿನ್ನೆ ಸಿಕ್ಕಿದ್ಲು. ಅವನು ಕನ್ನಡಿಗೆ ಬಟ್ಟೆ ಮುಚ್ಚಿಟ್ಟಿದ್ದಾನಂತೆ. ಹುಷಾರು ಕಣ್ರಿ."

ಮ್ಯಾನೇಜರ ಬಾಗಿಲ ಮುಂದೆ ನಿಂತು ಹಬೆಯಪ್ಪ ಜೇಬಿನ ಮೇಲಿಂದಲೇ ಗುಂಡಿ ಒತ್ತಿದ. ಟಿಕ್. ಒಳಗೆ ಹೋಗಿ ವಾಲ್ವಿನ ಕತೆಯನ್ನೆಲ್ಲ ಹೇಳಿದ. ಮ್ಯಾನೇಜರು ಎರಡು ಸಲ ಕೆಮ್ಮಿದರು. ತುಟಿಯಲ್ಲಿ ಸೂಜಿ ಕಚ್ಚಿಕೊಂಡ ದರ್ಜಿಯಂತೆ ಮಾತಾಡುವುದು ಅವರ ರೀತಿ.

"ಓಡ್ಸಯ್ಯಾ. ವಾಲ್ವ್ ಅಂಟ್ಕೊಂಡಿದ್ರೆ ಅಂಟ್ಕೊಂಡಿರ್ಲಿ. ಆಸ್ಪತ್ರೆ ಚಾದರ ಸಂಜೆಗೆ ಹೋಗ್ಬೇಕು. ಏನಾದ್ರೂ ಆದ್ರೆ ನಾನಿದ್ದೀನಲ್ಲ."

ಬೇಕಿದ್ದ ಮಾತು ಪೂರ್ತಿಯಾಗಿ ಸಿಕ್ಕಿತ್ತು. ಹಬೆಯಪ್ಪ ಹೊರಬಂದು ಮತ್ತೆ ಒತ್ತಿದ. ಟಿಕ್.

ಅವನಿಗೊಂದು ಚಾಳಿಯಿತ್ತು. ಯಾರ ಮಾತು ಹೇಳಿದರೂ ಅವರದೇ ದನಿಯಲ್ಲಿ ಹೇಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಮಾವನ ದನಿ ತೆಗೆದು ಮೂರು ತಿಂಗಳು ಹೆಂಡತಿಯ ಮಾತು ಕಳೆದುಕೊಂಡಿದ್ದ. ಈಗ ಇಸ್ತ್ರಿ ಮೇಜಿನ ಬಳಿ, ಕಾರ್ಖಾನೆಯವರೆಲ್ಲ ಇಸ್ತ್ರಿ ಅಕ್ಕ ಎನ್ನುವವಳು ಬೆನ್ನು ಹಾಕಿ ಚಾದರ ತಿಕ್ಕುತ್ತಿದ್ದಳು. ಹಿಂದೆ ಹೋಗಿ ನಿಂತು ಎರಡು ಸಲ ಕೆಮ್ಮಿದ. "ಓಡ್ಸಯ್ಯಾ. ವಾಲ್ವ್ ಅಂಟ್ಕೊಂಡಿದ್ರೆ ಅಂಟ್ಕೊಂಡಿರ್ಲಿ..." ಎಂದು ಕೊನೆಯವರೆಗೂ ಒಪ್ಪಿಸಿದ.

"ಆಗ್ಲಿ ಸಾಹೇಬ್ರೆ," ಎಂದಳು ಅಕ್ಕ ತಲೆ ಬಗ್ಗಿಸಿಕೊಂಡೇ. ತಿರುಗಿ ನೋಡಿ ಒದ್ದೆ ಬಟ್ಟೆಯಿಂದ ಅವನ ಭುಜಕ್ಕೆ ಒಂದು ಕೊಟ್ಟಳು. "ನಿನ್ ಬಾಯಿಗಿಷ್ಟು. ಎದೆ ಒಡ್ದೋಯ್ತಲ್ಲೋ."

ಮಧ್ಯಾಹ್ನದ ಹೊತ್ತಿಗೆ ಒಡೆದದ್ದು ಪೈಪು. ವಾಲ್ವ್ ತೆರೆಯಲಿಲ್ಲ, ಹಬೆ ತನ್ನ ದಾರಿ ತಾನೇ ಮಾಡಿಕೊಂಡಿತು. ಇಸ್ತ್ರಿ ಮೇಜಿನ ಮೇಲಿನ ಜೋಡಣೆ ಕಿತ್ತು ಅಕ್ಕನ ಬಲಗೈ ಮೊಣಕೈವರೆಗೆ ಬೆಂದಿತು.

ಧಣಿಗಳು ಬಂದರು. ಆಸ್ಪತ್ರೆಗೆ ಕಳಿಸುವ ಮೊದಲು ಅಕ್ಕನನ್ನೂ ಮ್ಯಾನೇಜರ ಕೋಣೆಗೆ ಕರೆಸಿದರು. ಒದ್ದೆ ಬಟ್ಟೆ ಸುತ್ತಿದ ಕೈಯನ್ನು ಅವಳು ಬೇರೆಯವರ ಮಗುವನ್ನು ಹಿಡಿದಂತೆ ಹಿಡಿದುಕೊಂಡಿದ್ದಳು.

"ಓಡ್ಸು ಅಂತ ನಾನ್ಯಾವಾಗ ಹೇಳ್ದೆ?" ಎಂದರು ಮ್ಯಾನೇಜರು.

ಹಬೆಯಪ್ಪ ಪ್ಲೇಯರ್ ತೆಗೆದು ಮೇಜಿನ ಮೇಲಿಟ್ಟ. ಹಾಡು ಹಾಕುವ ಗುಂಡಿ ಒತ್ತಿ ಕೊನೆಯ ರೆಕಾರ್ಡಿಂಗ್ ಹಾಕಿದ. ಸೊಳ್ಳೆಯ ಗಂಟಲಿನಷ್ಟು ಸ್ಪೀಕರಿನಿಂದ ಮೊದಲು ಬಾಗಿಲು ಮುಚ್ಚಿದ ಸದ್ದು ಬಂತು. ಆಮೇಲೆ ಚಪ್ಪಲಿ. ಆಮೇಲೆ ಇಸ್ತ್ರಿಯ ಬುಸ್ಸೆನ್ನುವ ಹಬೆ. ಇದು ತನಗೆ ಬೇಕಿದ್ದ ರೆಕಾರ್ಡಿಂಗ್ ಅಲ್ಲವೆಂದು ಹಬೆಯಪ್ಪನಿಗೆ ಹೊಳೆಯಿತು. ರಾತ್ರಿಯ ಆ ಟಿಕ್ ಆಗ ನೆನಪಾಯಿತು. ದಿಂಬಿನ ಕೆಳಗೆ ಶುರುವಾದದ್ದನ್ನು ಬಾಗಿಲ ಮುಂದೆ ನಿಲ್ಲಿಸಿದ್ದ; ನಿಲ್ಲಿಸಿದೆನೆಂದುಕೊಂಡಾಗ ಶುರು ಮಾಡಿದ್ದ. ರಾತ್ರಿಯಿಡೀ ಅವನ ಹೊರಳಾಟ ಹಿಡಿದ ಪೆಟ್ಟಿಗೆ ಮ್ಯಾನೇಜರ ಒಂದು ಮಾತನ್ನೂ ಹಿಡಿದಿರಲಿಲ್ಲ.

ಪೆಟ್ಟಿಗೆಯಿಂದ ಅವನದೇ ಕೆಮ್ಮು, ಎರಡು ಸಲ. "ಓಡ್ಸಯ್ಯಾ..."

ಅಕ್ಕನ "ಆಗ್ಲಿ ಸಾಹೇಬ್ರೆ" ಮುಗಿಯುತ್ತಿದ್ದಂತೆ ಹೆದರಿದ ಅವನ ಬೆರಳು ತಾನಾಗಿಯೇ ಗುಂಡಿಯ ಮೇಲೆ ಬಿತ್ತು, ದನಿ ಅಲ್ಲಿಗೇ ನಿಂತಿತು.

ಮ್ಯಾನೇಜರ ಮುಖ ಒಗೆದ ಚಾದರದಂತಾಗಿತ್ತು. "ದನಿ ನಂದೇ," ಎಂದರು ಮೆಲ್ಲಗೆ. "ಹೇಳಿದ್ದೂ ಹೌದು. ಆದ್ರೆ ಇಸ್ತ್ರಿ ಮೇಜಿನ ಹತ್ರ ನಾನ್ಯಾವಾಗ ಹೋಗಿದ್ದೆ?"

"ನೀನು ಕೇಳಿದ್ದೇನಮ್ಮಾ?" ಎಂದರು ಧಣಿಗಳು.

ಅಕ್ಕ ತನ್ನ ಕೈ ನೋಡಿಕೊಂಡಳು. ಹಬೆಯಪ್ಪನನ್ನು ನೋಡಿದಳು. "ಈ ಕಿವಿಯಾರೆ ಕೇಳಿದ್ದೀನಿ ಧಣಿ."

ಮ್ಯಾನೇಜರು ಗೇಟು ದಾಟುವಷ್ಟರಲ್ಲಿ ಪ್ಲೇಯರಿನ ಸುದ್ದಿ ಕಾರ್ಖಾನೆಯ ಮೂಲೆ ಮೂಲೆಗೂ ಹೋಗಿತ್ತು. ಧಣಿಗಳು ಹಬೆಯಪ್ಪನ ಬೆನ್ನು ತಟ್ಟಿದರು. "ಇವತ್ತಿಂದ ನೀನೇ ಮ್ಯಾನೇಜರ್. ಪೈಪಿಗೆ ತೇಪೆ ಹಾಕ್ಸಿದ್ದೀನಿ. ಚಾದರ ಸಂಜೆಗೆ ಹೋಗ್ಬೇಕು."

"ಧಣಿ, ಆ ವಾಲ್ವು..."

"ಅದನ್ನ ಮುಂದೆ ನೋಡೋಣ. ಆಗಲ್ಲ ಅಂದ್ರೆ ಹೇಳ್ಬಿಡು, ಬೇರೆಯವರಿದ್ದಾರೆ."

ಬಾಯ್ಲರ್ ಮುಂದೆ ಚಾದರ ಮಡಿಚುವವನನ್ನು ತಂದು ನಿಲ್ಲಿಸಿದ್ದರು. ಎರಡು ಮಕ್ಕಳ ತಂದೆ. ಅವನ ಕಣ್ಣು ಕೆಂಪು ಗೆರೆಯ ಮೇಲಿತ್ತು. "ಏನ್ ಮಾಡ್ಲಿ ಸಾಹೇಬ್ರೆ? ಓಡಿಸ್ಲಾ?"

ಹಬೆಯಪ್ಪನೂ ಕೆಂಪು ಗೆರೆಯತ್ತ ನೋಡಿದ. ಎರಡು ಸಲ ಕೆಮ್ಮಿದ.

"ಓಡ್ಸಯ್ಯಾ," ಎಂದ. ಯಾರ ದನಿಯನ್ನೂ ತೆಗೆಯಬೇಕೆಂದು ಈ ಸಲ ಅವನು ಅಂದುಕೊಂಡಿರಲಿಲ್ಲ. "ಏನಾದ್ರೂ ಆದ್ರೆ ನಾನಿದ್ದೀನಲ್ಲ."

ಮಡಿಚುವವನ ಕೈ ಜೇಬಿನ ಮೇಲೆ ಹೋಯಿತು.

ಟಿಕ್.

ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು, "ಸಿಕ್ತೇನ್ರಿ ಅವರ ಮಾತು?"

"ಸಿಕ್ತು," ಎಂದ ಹಬೆಯಪ್ಪ. ಅದಕ್ಕಿಂತ ಹೆಚ್ಚು ಯಾರಿಗೂ ಹೇಳಬಾರದೆಂದು ದಾರಿಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದ.