ಭಾಂಡೆ ಬಸ್ಯಾ ಕನ್ಯಾ ನೋಡಾಕ ಹೋದದ್ದು

ಇದು ಖರೇ ಕತೆ. ನಂಬದವರು ಬನಹಟ್ಟಿಗೆ ಬಂದು ವಿಚಾರಿಸಬಹುದು. ಅಲ್ಲಿ ಒಬ್ಬೊಬ್ಬರೂ ಒಂದೊಂದು ನಮೂನೆ ಹೇಳುತ್ತಾರೆ, ನನ್ನದಷ್ಟೇ ನಿಜ.

ಮಲಕಾಜಪ್ಪ ಪವರ್‌ಲೂಮ್ ನೇಕಾರ. 2005ರಲ್ಲಿ ಊರಿನ ಕೇಬಲ್ ಟೀವಿಯವರು ಪ್ರತಿ ರವಿವಾರಕ್ಕೊಂದು ಹಾಸ್ಯ ಧಾರಾವಾಹಿ ತೆಗೆದಾಗ, ಪಾತ್ರೆ-ಭಾಂಡೆ ತಿಕ್ಕುವ ಮನೆ ಅಳಿಯನ ಪಾರ್ಟು ಅವನಿಗೆ ಬಿತ್ತು. ಹೆಸರು ಭಾಂಡೆ ಬಸ್ಯಾ. ಹೆಂಡತಿ ಲಟ್ಟಣಿಗೆ ಎತ್ತಿದರೆ ಇವನು ಬೂದಿ ಎತ್ತುತ್ತಿದ್ದ. ಜಮಖಂಡಿಯವರೆಗೂ ಮಂದಿ ನೋಡಿ ನಕ್ಕರು. ಮೂರು ವರ್ಷಕ್ಕೆ ಧಾರಾವಾಹಿ ನಿಂತಿತು, ಊರ ಬಾಯಲ್ಲಿ ಬಸ್ಯಾ ನಿಲ್ಲಲಿಲ್ಲ. ರಾಜನ ಪಾರ್ಟು ಕೇಳಲು ಹೋದರೆ ನಾಟಕದ ಮಾಸ್ತರರು ಸಿಂಹಾಸನ ಒರೆಸಲು ಬೇಕಾದರೆ ಬಾ ಎಂದರು. ಮೂವತ್ನಾಲ್ಕಾದರೂ ಮದುವೆ ಕೂಡಿ ಬರಲಿಲ್ಲ. ಹೆಣ್ಣಿನ ಅಪ್ಪಂದಿರು ಮುಖ ಕಂಡೊಡನೆ ನಗುತ್ತಿದ್ದರು. ಏಳನೆಯವರಿಗಂತೂ ನಕ್ಕು ನಕ್ಕು ಚಹಾ ಮೂಗಿಗೇರಿತ್ತು.

ಎಂಟನೆಯ ಕನ್ಯೆ ಜಮಖಂಡಿಯ ಕಾಂಚನಾ, ಸಾಲಿ ಟೀಚರು. ಫೋಟೋ ನೋಡಿದಾಗಿನಿಂದ ಮಲಕಾಜಪ್ಪನಿಗೆ ಮಗ್ಗದ ಮೇಲೆ ಎಳೆ ಹರಿದರೂ ಗೊತ್ತಾಗುತ್ತಿರಲಿಲ್ಲ. ಇದೂ ತಪ್ಪಿದರೆ ಇನ್ನು ಕನ್ಯೆ ನೋಡುವುದಿಲ್ಲ ಎಂದು ಅವ್ವನಿಗೆ ಹೇಳಿಬಿಟ್ಟಿದ್ದ.

ಜೊತೆಗೆ ಹೊರಟ ಪಕ್ಕದ ಮನೆಯ ಧರೆಪ್ಪ ಬಸ್ಸಿನಲ್ಲೇ ತಾಲೀಮು ಶುರು ಮಾಡಿದ. ನಗಬಾರದು, ಮೀಸೆ ತಿರುವಬೇಕು, ಗಂಡಸಿನ ದನಿ ತೆಗೆಯಬೇಕು.

"ಮುಖ್ಯ ಏನಂದ್ರ, ತಿಂದ ತಾಟಿಗೆ ಕೈ ಹಚ್ಚಬ್ಯಾಡಲೇ. ಹಚ್ಚಿದಿ ಅಂದ್ರ ಬಸ್ಯಾ ಹೊರಗ ಬಂದಂಗ."

ಮಲಕಾಜಪ್ಪ ಕಾಂಚನಾಳ ಮನೆಯಲ್ಲಿ ಮುಧೋಳ ನಾಯಿಯ ಹಾಗೆ ಎದೆ ಸೆಟೆಸಿ ಕೂತ. ಬಾಗಿಲ ತುಂಬ ಓಣಿಯ ಮಂದಿ. ಅವಲಕ್ಕಿ ತಿಂದದ್ದಾಯಿತು. ಮನೆಗೆಲಸದಲ್ಲಿ ಕೈಜೋಡಿಸುತ್ತೀರಾ ಎಂದು ಹುಡುಗಿಯೇ ಕೇಳಿದಳು.

"ಹೆಂಗಸರ ಕೆಲಸಕ್ಕ ನಾ ಕೈ ಹಚ್ಚಂಗಿಲ್ಲ," ಎಂದು ಮಲಕಾಜಪ್ಪ ಗುಡುಗಿದ. ಖಾಲಿ ತಾಟನ್ನು ಒಂದೇ ಬೆರಳಿನಿಂದ ಆಕೆಯ ಕಡೆ ನೂಕಿದ. ಧರೆಪ್ಪನ ಮುಖ ಹಪ್ಪಳದಂತೆ ಅರಳಿತು.

ಕಾಂಚನಾಳ ಅಪ್ಪ ನೀಲಕಂಠ ನಿಟ್ಟುಸಿರು ಬಿಟ್ಟು ಹೇಳತೊಡಗಿದರು. ಮಗಳು ಮೂರು ವರ್ಷ ಒಂದು ರವಿವಾರವನ್ನೂ ತಪ್ಪಿಸಿರಲಿಲ್ಲವಂತೆ. ಭಾಂಡೆ ತಿಕ್ಕುವ ಗಂಡನೇ ಬೇಕೆಂದು ಬಂದ ವರಗಳನ್ನೆಲ್ಲ ಒಲ್ಲೆ ಎಂದಿದ್ದಳಂತೆ. ತಾವಾಗಿಯೇ ಹೇಳಿ ಕಳಿಸಿದ್ದು ಅದಕ್ಕೇ ಅಂತೆ.

"ಟೀವ್ಯಾಗಿನ ಮನಿಶ್ಯಾ ಬ್ಯಾರೆ, ಇವರು ಬ್ಯಾರೆ. ಹೋಗಿ ಬರ್ರಿ," ಎಂದು ಕೈ ಮುಗಿದರು.

ಮಲಕಾಜಪ್ಪ ಜಿಗಿದೆದ್ದ. ತನ್ನ ತಾಟು, ಧರೆಪ್ಪ ಇನ್ನೂ ತಿನ್ನುತ್ತಿದ್ದ ತಾಟು, ಎರಡನ್ನೂ ಎತ್ತಿಕೊಂಡು ಹಿತ್ತಲಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೂದಿಯಿಂದ ತಿಕ್ಕತೊಡಗಿದ.

"ನಾ ಖರೇನ ಹಿಂಗ ಅದೀನ್ರಿ. ಮನ್ಯಾಗ ಅವ್ವನ ಭಾಂಡೆ ದಿನಾ ನಾನ ತಿಕ್ಕತೇನಿ."

ಆ ದಿನ ಅವನು ಆಡಿದ ಮೊದಲ ನಿಜ ಅದು. ಕಣ್ಣಲ್ಲಿ ನೀರು ಬಂತು. ಓಣಿಯ ಮಂದಿ ಗೋಡೆ ಹತ್ತಿ ಚಪ್ಪಾಳೆ ಹೊಡೆದರು. ಪಕ್ಕದ ಮನೆಯ ಭಾಗವ್ವ ಮುದುಕಿ ಸೆರಗು ಬಾಯಿಗೊತ್ತಿಕೊಂಡು ನಗುತ್ತ ತನ್ನ ಮನೆಯ ಎರಡು ಬೋಗುಣಿ ತಂದು ಮುಂದಿಟ್ಟಳು.

ನಕ್ಕು ನಕ್ಕು ಕಾಂಚನಾಳೂ ಕಣ್ಣೊರೆಸಿಕೊಂಡಳು. "ಪಾರ್ಟ್ ಭಾಳ ಛಲೋ ಮಾಡ್ತೀರಿ. ಆದ್ರ ಆಗಳೆ ಒಳಗ ಕುಂತು ಮಾತಾಡಿದ್ರಲ್ಲ, ಅದು ಪಾರ್ಟ್ ಅಲ್ಲರಿ."

ಅದೇ ಪಾರ್ಟು ಎನ್ನಲು ಮಲಕಾಜಪ್ಪ ಬಾಯಿ ತೆರೆದ. ಆಗ ಹೊಳೆಯಿತು: ಜನ್ಮದಲ್ಲಿ ಮೊದಲ ಸಲ ಅವನು ಬೇರೊಂದು ಪಾರ್ಟು ಮಾಡಿದ್ದ, ಮಂದಿ ಅದನ್ನು ನಂಬಿಯೂ ಬಿಟ್ಟಿದ್ದರು.

ತೆರೆದ ಬಾಯಿಂದ ನಗು ಬಂತು. ಓಣಿಯಷ್ಟೂ ಮಂದಿಯ ನಗುವಿಗಿಂತ ಅದೇ ಜೋರಾಗಿತ್ತು.