ಸಾಣೆ ಮುದುಕ ಮತ್ತು ನಮ್ಮಕ್ಕನ ಕಾಲು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ ದಿನ. ಆಗ ಐದನೇ ಇಯತ್ತೆ. ಮೋರಖಂಡಿಯ ನಮ್ಮ ಹೊಲದಾಗ ಎಲ್ಲರೂ ಬಜ್ಜಿ, ರೊಟ್ಟಿ, ಅಂಬಲಿ ಗಡದ್ದಾಗಿ ಹೊಡೆದು ಗಿಡದ ಕೆಳಗೆ ಮಲಗಿದ್ದರು. ನಾನು ಎದ್ದು ಬಂಡಿದಾರಿ ಹಿಡಿದೆ. ಸಂಜೆಗೆ ಯಾರೋ ಗುರುತಿನವರು ಕಂಡು ಬಂಡಿಯಲ್ಲಿ ಹಾಕಿಕೊಂಡು ಬಂದರು. ಅಪ್ಪ ಕೇಳಿದ, "ಎಲ್ಲಿಗಿ ಹೊಂಟಿದ್ದಿ?"

"ರಸ್ತಾ ಎಲ್ಲಿ ತನಕ ಹೋಗ್ತದ ನೋಡಾಕ."

"ನೋಡಿದ್ಯಾ?"

"ಇಲ್ಲ, ಅದು ಇನ್ನಾ ಹೋಗಾಕತ್ತಿತ್ತು."

ಆಮೇಲೆ ಸಾಲಿ ನನ್ನನ್ನು ಹುಡುಕಲಿಲ್ಲ, ನಾನೂ ಸಾಲಿಯನ್ನು ಹುಡುಕಲಿಲ್ಲ. ಲಾರಿ ತೊಳೆದೆ, ಕಬ್ಬಿನ ಹಾಲು ಹಿಂಡಿದೆ, ಈಗ ಹೆಗಲಿಗೊಂದು ಚೀಲ ಹಾಕಿಕೊಂಡು ಊರೂರು ಕುಕ್ಕರ್, ಗ್ಯಾಸ್ ಒಲೆ ರಿಪೇರಿ ಮಾಡುತ್ತೇನೆ. ತಿರುಗುವವನಿಗೆ ನಗುವಂಥವು ದಾರಿಗುಂಟ ಗಂಟುಬೀಳುತ್ತಲೇ ಇರುತ್ತವೆ, ಅದೇನು ದೊಡ್ಡ ಮಾತಲ್ಲ. ಆದರೆ ಈ ಸಲದ್ದೆಲ್ಲ ಆದದ್ದು ನಾನು ಒಂದೇ ಕಡೆ ಕುಂತಾಗ.

ಹತ್ತುವ ಕಾಲು, ಇಳಿಯುವ ಕಾಲು

ನಮ್ಮಕ್ಕನ ಮನೆ ಬಸವಕಲ್ಯಾಣದಲ್ಲಿ. ಮನೆ ಮುಂದೆಯೇ ಭಾವನ ಕಿರಾಣಿ ಅಂಗಡಿ. ಮಾಳಿಗೆ ಮೇಲೆ ಒಣಹಾಕಿದ ಶ್ಯಾವಿಗೆ ತರಲು ಹೋಗಿ ಅಕ್ಕ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಸುದ್ದಿ ತಿಳಿದು ಬಂದೆ. ಪಟ್ಟಿ ಕಟ್ಟಿದ ಕಾಲು ನೋಡಿ ನನ್ನ ಬಾಯಿ ಜಾರಿತು: "ಅಕ್ಕಾ, ನಿನ್ನ ಕಾಲು ನೆಟ್ಟಗಾಗೋ ತನಕ ನಾ ಎಲ್ಲೂ ಹೋಗಂಗಿಲ್ಲ."

ನನ್ನನ್ನು ಒಂದು ಕಡೆ ಕೂಡಿಸಬೇಕು ಅಂತ ಅಕ್ಕ ವರ್ಷಾನುಗಟ್ಟಲೆಯಿಂದ ಕಾದಿದ್ದಳು. ಹುಮನಾಬಾದ್ ಬಸ್‌ಸ್ಟ್ಯಾಂಡ್ ಬಾಜೂಕ್ಕೆ ಒಂದು ತಗಡಿನ ಡಬ್ಬಿ ಅಂಗಡಿಯನ್ನೂ ಭಾವನಿಂದ ಗೊತ್ತುಮಾಡಿಸಿದ್ದಳು. ರಿಪೇರಿ ಅಲ್ಲೇ ಕುಂತು ಮಾಡಬೇಕು, ಹಗಲು ಹುಮನಾಬಾದ್, ರಾತ್ರಿ ಅಕ್ಕನ ಮನೆ. ಆಯಿತು, ನಾನಂದ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಪಟ್ಟಿ ಬಿಚ್ಚಿದರು. ಡಾಕ್ಟರ್ "ಆರಾಮ ನಡೀರಿ" ಅಂದರು. ಕಾಲು ಮಾತ್ರ ನೆಟ್ಟಗಾಗಲಿಲ್ಲ. ನಾನು ಎದುರಿಗಿದ್ದರೆ ಅಕ್ಕನ ಕೈಯಲ್ಲಿ ಕೋಲು, ಹೆಜ್ಜೆಗೊಂದು "ಯಪ್ಪಾ".

ಒಂದು ದಿನ ಹೊರಗೆ ಹೋದವನು ಲಗೂನೆ ಬಂದೆ. ಕಾಟ್ ಮೇಲೆ ಅಕ್ಕ ಇಲ್ಲ. ಕೋಲು ಮೂಲೆಯಲ್ಲಿತ್ತು. ಭಾವನಿಗೆ ಕೇಳಿದೆ, "ಅಕ್ಕ ಎಲ್ಲಿ ಹೋಗ್ಯಾಳ್ರಿ?"

"ಮಾಳಗಿ ಮ್ಯಾಲ ಶ್ಯಾವಿಗಿ ಹರವಾಕತ್ತಾಳ."

ನನ್ನ ದನಿ ಕೇಳಿತೋ ಏನೋ, ಮೇಲಿಂದ ಕೂಗು ಬಂತು: "ತಮ್ಮಾ, ಬಂದ್ಯಾ? ಜರಾ ಬಂದು ಕೈ ಹಿಡಿ, ಇಳಿಯಾಕ ಆಗವಲ್ದು."

ಭಾವ ಬೆಲ್ಲ ತೂಗುತ್ತಲೇ ಅಂದ, "ನಿಮ್ಮಕ್ಕಂದು ಹತ್ತೋ ಕಾಲು ಬ್ಯಾರೆ, ಇಳಿಯೋ ಕಾಲು ಬ್ಯಾರೆ. ಮುರಿದದ್ದು ಇಳಿಯೋದು."

ಬಿಟ್ಟು ಹೆಂಗ ಉಣ್ಣೋದು

ಮಲಗಿದವಳಿಗೆ ಹೊತ್ತು ಹೋಗಲಿ ಅಂತ ಭಾವ ಯಾರ ಕಡೆಯಿಂದಲೋ ಟಿ.ವಿ.ಗೆ ಹಚ್ಚುವ ಗೇಮಿನ ಡಬ್ಬಿ ತಂದಿಟ್ಟಿದ್ದ. ಅದರೊಳಗೆ ಒಂದು ಸಾಹಸದ ಆಟ, ಒಂದರ ಹಿಂದೆ ಒಂದರಂತೆ ನಾಲ್ಕು ಭಾಗ. ಬೆಂಕಿ ಉಗುಳುವ ಹಾವಿನಂಥ ರಾಕ್ಷಸನೊಬ್ಬ ರಾಣಿಯನ್ನು ಎತ್ತಿಕೊಂಡು ಹೋಗಿದ್ದಾನೆ, ಕತ್ತಿ ಹಿಡಿದ ವೀರ ಕುದುರೆ ಹತ್ತಿ ಬಿಡಿಸಲು ಹೊರಟಿದ್ದಾನೆ. ಮಾತೆಲ್ಲ ಹಿಂದಿಯಲ್ಲಿ. ಅಕ್ಕ ಎರಡೇ ದಿನದಲ್ಲಿ ಗುಂಡಿ ಒತ್ತುವುದು ಕಲಿತಳು.

ಆ ಆಟದಲ್ಲಿ ಒಬ್ಬ ಮುದುಕ ಬರುತ್ತಾನೆ. ಬೆನ್ನಿಗೆ ದೊಡ್ಡ ಗಂಟು, ಮುಂದೊಂದು ಸಾಣೆಕಲ್ಲು. ಪ್ರತಿ ಊರಿನ ಅಗಸಿ ಬಾಗಿಲಲ್ಲಿ ಕುಂತಿರುತ್ತಾನೆ. ವೀರ ಹತ್ತಿರ ಹೋದರೆ ಅವನದು ಒಂದೇ ಮಾತು: "ಕತ್ತಿ ಕೊಡು, ಧಾರ ಹಚ್ಚತೀನಿ." ಹೆಸರಿಲ್ಲ, ಊರಿಲ್ಲ. ಕತ್ತಿ ಹರಿತ ಮಾಡಿಸಿಕೊಂಡು ಆಡುವವರೆಲ್ಲ ಮುಂದೆ ಹೋಗುತ್ತಾರಂತೆ. ನಮ್ಮಕ್ಕನಿಗೆ ಹೋಗಲಿಕ್ಕೆ ಆಗಲಿಲ್ಲ.

"ಇಂವ ಉಂಡಾನೋ ಇಲ್ಲೋ?" ಅಂದಳು.

ವೀರನ ಚೀಲದಲ್ಲಿ ರೊಟ್ಟಿ, ಹಣ್ಣು ಇರುತ್ತವೆ. ಅವನ್ನು ತಿಂದರೇ ಅವನಿಗೆ ಮೈಯಲ್ಲಿ ಶಕ್ತಿ. ಯಾರ ಎದುರು ನಿಂತರೂ 'ಕೊಡು' ಅನ್ನುವ ಗುಂಡಿ ಇತ್ತು. ಅಕ್ಕ ಒತ್ತಿದಳು, ಮುದುಕ ಇಸಿದುಕೊಂಡ. ಇನ್ನೊಂದು ಒತ್ತಿದಳು, ಅದನ್ನೂ ಇಸಿದುಕೊಂಡ. ಬೇಡ ಅನ್ನುವುದು ಅವನಿಗೆ ಯಾರೂ ಕಲಿಸಿಲ್ಲ, ಸಾಕು ಅನ್ನುವುದು ನಮ್ಮಕ್ಕನಿಗೆ ಯಾರೂ ಕಲಿಸಿಲ್ಲ. ಚೀಲ ಖಾಲಿ. ವೀರ ಹಸಿದ ಹೊಟ್ಟೆಯಲ್ಲೇ ಗುಡ್ಡ ಹತ್ತಿದ, ರಾಕ್ಷಸ ಒಮ್ಮೆ ಉಸಿರುಬಿಟ್ಟದ್ದೇ ತಡ, ಉರುಳಿಬಿದ್ದ.

ಭಾವ ತಲೆ ಚಚ್ಚಿಕೊಂಡ. "ಎಲ್ಲಾ ಕೊಟ್ಟು ಅವನ್ನ ಕೊಂದ್ಯಲ್ಲ."

"ಸತ್ತರ ಸಾಯಲಿ," ಅಂದಳು ಅಕ್ಕ. "ಅಗಸ್ಯಾಗ ಕುಂತಾವನ್ನ ಬಿಟ್ಟು ಒಬ್ಬನೇ ಉಂಡ ಅಂತ ಅನ್ನಿಸಿಕೋಬಾರದು."

ವೀರ ಮತ್ತೆ ಹುಟ್ಟಿ ಬಂದ. ಆಟದಲ್ಲಿ ಅದೊಂದು ಸೌಲತ್ತು. ಅಕ್ಕ ಅವನನ್ನು ಸೀದಾ ಮುದುಕನ ಮುಂದೆ ನಿಲ್ಲಿಸಿದಳು. "ಒಣಾ ರೊಟ್ಟಿ ಕೊಟ್ಟಿದ್ವಿ, ಪಲ್ಯ ಸಿಗ್ತದೇನು ನೋಡು."

ಅವನು ಮೊದಲೇ ಹೆಂಗ ಬರ್ತಾನ

ನನ್ನ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು. ವೀರನಿಗೆ ಕುದುರೆ ಇದೆ, ನಕ್ಷೆ ಇದೆ. ನದಿ ದಾಟಿ, ಗುಡ್ಡ ಹತ್ತಿಳಿದು, ಏದುಸಿರು ಬಿಡುತ್ತ ಹೊಸ ಊರು ಮುಟ್ಟುತ್ತಾನೆ. ಅಷ್ಟರಲ್ಲಿ ಈ ಮುದುಕ ಅಗಸಿಯಲ್ಲಿ ಗಂಟಿಳಿಸಿ ಕಲ್ಲು ತಿರುಗಿಸಲು ಸುರುಮಾಡಿರುತ್ತಾನೆ. ಹೆಂಗ? ಯಾವ ದಾರಿಯಿಂದ? ಅಷ್ಟು ಭಾರ ಹೊತ್ತು? ಚೀಲ ಹೊತ್ತು ತಿರುಗಿದವನು ನಾನು, ನನಗೆ ಇದು ತಿಳಿಯಲೇಬೇಕಾಗಿತ್ತು. ಅಕ್ಕನಿಗೆ ಕೇಳಿದರೆ, "ಬಂದಾನಲ್ಲ, ಬಿಡು" ಅಂದಳು.

ಕುಕ್ಕರ್ ರಿಪೇರಿ ನೆಪದಲ್ಲಿ ಮುಡಬಿಗೆ ಹೋದಾಗ ಬೇವಿನ ಗಿಡದ ಕೆಳಗೆ ಕುರಿ ಬಿಟ್ಟು ಕುಂತಿದ್ದ ಒಬ್ಬ ಹಿರಿಯನಿಗೆ ಎಲ್ಲಾ ಬಿಡಿಸಿ ಹೇಳಿದೆ. ದಿನಾ ನಡೆಯುವವರು, ಗೊತ್ತಿರಬಹುದು ಅಂತ. ಅವನು ಕಣ್ಣು ಸಣ್ಣಗೆ ಮಾಡಿ ಕೇಳಿದ. ವಿಚಾರ ಮಾಡಿದ.

"ಬಸ್ಸಿಗಿ ಬರ್ತಿರಬೇಕು."

"ಆ ರಾಜ್ಯದಾಗ ಬಸ್ ಇಲ್ಲ ಕಾಕಾ."

"ಹಂಗಾದ್ರ ಟಂಟಂ."

"ಅದೂ ಇಲ್ರಿ."

"ಜೀಪು?"

"ಯಾವ ಗಾಡಿನೂ ಇಲ್ಲ. ಕುದುರಿ ಒಂದೇ, ಅದೂ ವೀರಂದು."

ಹಿರಿಯ ಕಂಬಳಿ ಕೊಡವಿಕೊಂಡು ಎದ್ದ. ನನ್ನ ಬಗ್ಗೆ ಅವನಿಗೆ ಮರುಕ ಹುಟ್ಟಿದಂತಿತ್ತು. "ಟಂಟಂ ಸುದ್ಧಾ ಇಲ್ಲದ ರಾಜ್ಯ. ಅಲ್ಲಿ ರಾಕ್ಷಸನ್ನ ಕೊಂದು ಏನು ಮಾಡಾವ್ರಪಾ? ಮೊದಲ ಒಂದು ರೋಡ್ ಮಾಡ್ಕೋರಿ."

ಡಬ್ಬಿಯೊಳಗೆ ಒಂದು ದಿನ

ಅಕ್ಕನ ಮನಸ್ಸಿಗಾದರೂ ಸಮಾಧಾನ ಆಗಲಿ ಅಂತ ಹುಮನಾಬಾದಿನ ಡಬ್ಬಿಯಲ್ಲಿ ಒಂದು ದಿನ ಕುಂತು ನೋಡಿದೆ. ಒಳಗೆ ಒಂದು ಸ್ಟೂಲು, ಒಂದು ಹಲಗೆ. ಎದುರಿಗೆ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಬೋರ್ಡು ಓದುತ್ತ ಕುಂತೆ. ಭಾಲ್ಕಿ. ಕಲಬುರಗಿ. ಜಹೀರಾಬಾದ್. ಓದಿದ ಒಂದೊಂದು ಬೋರ್ಡಿಗೂ ಕುಂಡಿ ಸ್ಟೂಲಿನಿಂದ ತುಸು ಮೇಲೇಳುತ್ತಿತ್ತು.

ಮಧ್ಯಾಹ್ನ ಒಬ್ಬ ಹೊಸ ಮನುಷ್ಯ ಬಂದು, "ಅಣ್ಣಾ, ಜಹೀರಾಬಾದ್ ಬಸ್ ಎಲ್ಲಿ ನಿಂದರ್ತದ?" ಅಂದ. ಕೈ ಮಾಡಿ ತೋರಿಸಿದರೆ ಸಾಕಿತ್ತು. ಎದ್ದು ಹೋಗಿ ತೋರಿಸಿದೆ. ಗದ್ದಲ ಇತ್ತು, ಸೀಟು ಹಿಡಿದುಕೊಟ್ಟೆ. ಬಾಜೂದ ಸೀಟೂ ಖಾಲಿ ಇತ್ತು.

ಸಂಜೆ ಭಾವನ ಫೋನ್ ಬಂತು. "ಡಬ್ಬಿ ತೆರೆದದ್ದು ತೆರೆದಂಗೇ ಅದ ಅಂತ ಬಾಜೂದವ ಹೇಳಾಕತ್ತಾನ. ಎಲ್ಲಿ ಇದ್ದಿ?"

"ಮನ್ನಾಏಖೇಳ್ಳಿಯಾಗ ಭಾವ, ಜಹೀರಾಬಾದ್ ದಾರಿಗಿ."

"ಅಲ್ಲೇನು ಕೆಲಸ?"

"ಗಿರಾಕಿಗೆ ದಾರಿ ತೋರ್ಸಾಕ ಬಂದಿದ್ದೆ."

ಭಾವ ವ್ಯಾಪಾರಸ್ಥ, ಸಿಟ್ಟು ಮಾಡಲಿಲ್ಲ. "ಛಲೋ ಆತು," ಅಂದ. "ಅಂವ ಕಾಶಿ ದಾರಿ ಕೇಳಿದ್ರ ನಿಮ್ಮಕ್ಕನ ಗತಿ ಏನಿತ್ತು."

ರಾಣಿಗೆ ಊಟ ಕೊಡ್ತಾರ

ನಾಲ್ಕನೇ ಭಾಗದಲ್ಲಿ ಹೊಸದೊಂದು ಅನುಕೂಲ ಇತ್ತು: ಕಲ್ಲು, ಕಟ್ಟಿಗೆ ಕೂಡಿಸಿ ಬೇಕಾದವರಿಗೆ ಮನೆ ಕಟ್ಟಿಕೊಡಬಹುದು. ಅಕ್ಕ ಎದ್ದು ಕುಂತಳು. ಯಾರಿಗೆ ಅಂತ ಯಾರೂ ಕೇಳಲಿಲ್ಲ.

ವೀರ ಕತ್ತಿ ಬದಿಗಿಟ್ಟು ಕಲ್ಲು ಹೊರಲು ನಿಂತ. ದಿನಗಟ್ಟಲೆ ಹೊತ್ತ. ಕಡೆಗೆ ಭಾವನಿಗೇ ತಡೆಯಲಾಗಲಿಲ್ಲ. "ಅಲ್ಲ, ಆ ರಾಣಿ ಪಾಪ ಸೆರೆಯಾಗ ಬಿದ್ದಾಳ. ಇಂವ ನೋಡಿದ್ರ ಗೌಂಡಿ ಕೆಲಸ ಮಾಡಾಕತ್ತಾನ."

ಅಕ್ಕ ಟಿ.ವಿ. ಮೇಲಿನ ಕಣ್ಣು ತೆಗೆಯಲಿಲ್ಲ. "ರಾಣಿಗಿ ಸೆರೆಯಾಗ ಹೊತ್ತಿಗೆ ಸರಿ ಊಟ ಕೊಡ್ತಾರ್ರಿ. ಇಂವಗ ಯಾರು ಕೊಡ್ತಾರ?"

ಮನೆ ಎದ್ದಿತು. ಎರಡು ಕಿಟಕಿ, ಮುಂದೊಂದು ಕಟ್ಟೆ, ಸಾಣೆಕಲ್ಲಿಡಲು ನೆರಳು. ಒಕ್ಕಲಾಗುವ ದಿನ ಅಕ್ಕ ಹುಗ್ಗಿ ಮಾಡಿದಳು, ಟಿ.ವಿ. ಮುಂದೆ ಊದಿನಕಡ್ಡಿ ಹಚ್ಚಿದಳು. ಎದುರುಮನೆ ಕಾಕಿ ಕಾಯಿ ಹಿಡಿದು ಬಂದಳು. ಮುದುಕ ಗಂಟು ಹೊತ್ತು ಒಳಗೆ ಹೋದ, ಬಾಗಿಲು ಮುಚ್ಚಿಕೊಂಡಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು.

"ನೋಡಿದ್ಯಾ? ಕುಂತ. ಯಾರೇನು ಕಟ್ಟಿ ಹಾಕಿದ್ರಾ?"

ಕಾಕಿ ಹುಗ್ಗಿ ಉಣ್ಣುತ್ತ ಮಾತು ಜೋಡಿಸಿದಳು. "ತಮ್ಮಾ, ನೀನೂ ಡಬ್ಬಿಯಾಗ ಕುಂತ್ರ ಹೆಣ್ಣು ಕೊಡೋರು ಅದಾರ. ನಮ್ಮ ಕಡೀದೇ ಒಂದು ಮನಿತನ ಅದ."

"ನನ್ನ ವಯಸ್ಸು ನೋಡ್ರಿ ಕಾಕಿ."

"ವಯಸ್ಸು ಯಾರು ಕೇಳ್ಯಾರ? ಮನಿಗಿ ಬರ್ತಾನೋ ಇಲ್ಲೋ ಅಷ್ಟ ಕೇಳ್ಯಾರ."

ಖಾಲಿ ಮನೆ

ಮರುದಿನ ಚಹಾ ಆದ ಮೇಲೆ ಅಕ್ಕ ಆಟ ಹಚ್ಚಿದಳು. ವೀರನ ಕೈಯಲ್ಲಿ ರೊಟ್ಟಿ ಹಿಡಿಸಿ ಹೊಸ ಮನೆಗೆ ನಡೆಸಿದಳು. ಬಾಗಿಲು ತೆರೆದಿತ್ತು. ಒಳಗೆ ಮುದುಕ ಇಲ್ಲ, ಗಂಟಿಲ್ಲ, ಸಾಣೆಕಲ್ಲಿಲ್ಲ. ಅಕ್ಕ ವೀರನನ್ನು ಮನೆ ಸುತ್ತ ತಿರುಗಿಸಿದಳು, ಬಾವಿಯಲ್ಲಿ ಬಗ್ಗಿಸಿ ನೋಡಿಸಿದಳು. ಆಮೇಲೆ ಕುದುರೆ ಹತ್ತಿಸಿ ಗುಡ್ಡ ದಾಟಿಸಿದಳು. ಅಲ್ಲಿ ಒಂದು ಊರು. ಅಗಸಿಯಲ್ಲಿ ಮುದುಕ ಕಲ್ಲು ತಿರುಗಿಸುತ್ತ ಕುಂತಿದ್ದ.

"ಕತ್ತಿ ಕೊಡು, ಧಾರ ಹಚ್ಚತೀನಿ."

ಭಾವ, "ಆ ಮನಿ ಬಾಡಿಗಿಗೆ ಕೊಡಾಕ ಬರ್ತದೇನು ಒತ್ತಿ ನೋಡು" ಅಂದ. ಯಾರೂ ನಗಲಿಲ್ಲ.

ಟಿ.ವಿ. ಮೇಲೆ ಎರಡು ಗುಂಡಿ ಕಾಣುತ್ತಿದ್ದವು. ಒಂದು 'ವಾಪಸ್ ಕರಿ', ಇನ್ನೊಂದು 'ಧಾರ ಹಚ್ಚಿಸು'. ಅಕ್ಕನ ಬೆರಳು ಮೊದಲಿನದರ ಮೇಲೆ ಬಹಳ ಹೊತ್ತು ನಿಂತಿತ್ತು. ಆಮೇಲೆ ಎರಡನೆಯದನ್ನು ಒತ್ತಿದಳು. ಕಿಡಿ ಹಾರಿದವು.

"ಖರೇ ಅಂದ್ರ ಕತ್ತಿ ಮೊಂಡ ಆಗಿತ್ತು," ಅಂದಳು, ಯಾರಿಗೋ ಸಮಜಾಯಿಷಿ ಕೊಟ್ಟಂತೆ. ವೀರನ ಕೈಯಲ್ಲಿದ್ದ ರೊಟ್ಟಿ ಮುದುಕನಿಗೆ ಕೊಡಿಸಿ ಆಟ ಬಂದ್ ಮಾಡಿದಳು.

ಕಾಟ್‌ನಿಂದ ಎದ್ದಳು. ಕೋಲಿನ ಕಡೆ ನೋಡಲಿಲ್ಲ, ಒಂದು ಯಪ್ಪಾ ಇಲ್ಲ, ಸೀದಾ ಅಡುಗೆಮನೆಗೆ ಹೋಗಿ ದೊಡ್ಡದೊಂದು ಕುಕ್ಕರ್ ತಂದು ನನ್ನ ಮುಂದೆ ಕುಕ್ಕಿದಳು.

ನಾನು ಅವಳ ಕಾಲನ್ನೇ ನೋಡುತ್ತ, "ನೋವು?" ಅಂದೆ.

"ಹೋತು. ಈಗ ನೆಟ್ಟಗದ." ನನ್ನ ಮುಖ ನೋಡಲಿಲ್ಲ. "ಹೊಂಡೋ ಮೊದಲ ಇದನ್ನ ಮಾಡಿ ಹೊಂಡು. ನೀ ಬಂದಾಗಿಂದ ಸೀಟಿ ಹೊಡೀವಲ್ದು."

ಮುಚ್ಚಳ ಬಿಚ್ಚಿ ನೋಡಿದೆ. ರಬ್ಬರ್ ಹರಿದಿತ್ತು, ಅಷ್ಟೇ. ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಊರ ಮಂದಿಯ ಕುಕ್ಕರ್ ಮಾಡಿಕೊಂಡು ಬರುವವನು ಇಷ್ಟು ದಿನ ಇದೇ ಮನೆಯ ಅರೆಬೆಂದ ಬೇಳೆ ತಿಂದಿದ್ದೆ.

"ಅಕ್ಕಾ, ಮೊದಲೇ ಯಾಕ ಹೇಳಲಿಲ್ಲ?"

"ಹೇಳಿದ್ರ ಮಾಡಿ ಮುಗಿಸಿಬಿಡ್ತಿದ್ದಿ," ಅಂದಳು. "ಕೆಲಸ ಮುಗಿದ ಮನ್ಯಾಗ ನೀ ಯಾವಾಗ ನಿಂತಿ?"

ಬೇಳೆ ಇಟ್ಟು ನೋಡಿದೆವು. ಸೀಟಿ ಹೊಡೆಯಿತು. ನಾನು ಪಕ್ಕಡ, ಪಾನಾ, ಉಳಿದ ರಬ್ಬರ್, ರಿಪೇರಿ ಸಾಮಾನೆಲ್ಲಾ ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದೆ. ಅಕ್ಕ ಖಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟುತ್ತಿದ್ದಳು, ಕಟ್ಟಿದ ಮೇಲೆ ಬಿಚ್ಚಿ ಇನ್ನಷ್ಟು ಸೇರಿಸುತ್ತಿದ್ದಳು. ಸೀಟಿ ಕೇಳಿ ಎದುರುಮನೆ ಕಾಕಿ ಬಾಗಿಲಿಗೆ ಬಂದು ನಿಂತಳು. ನನ್ನ ಚೀಲ ನೋಡಿದಳು, ಅಕ್ಕನ ಕಾಲು ನೋಡಿದಳು.

"ಈಗ ಹೆಣ್ಣಿನ ಕಡ್ಯಾವ್ರಿಗೆ ನಾ ಏನು ಹೇಳ್ಲವಾ?"

ಅಕ್ಕ ರೊಟ್ಟಿ ಗಂಟು ಬಿಗಿದು ನನ್ನ ಹೆಗಲಿಗೆ ಹಾಕಿದಳು. "ಹೇಳ್ರಿ, ಹುಡುಗ ಭಾಳ ಛಲೋ ಇದ್ದಾನ, ಮನಿ ಒಂದು ಕೇಳಬ್ಯಾಡ್ರಿ ಅಂತ. ಹುಡುಗಿಗೆ ಮೊದಲ ಕುದುರಿ ಹತ್ತಾಕ ಕಲಿಸ್ರಿ."