ಅಪ್ಪನ ಬಿಗಿ ಚಾಕು, ಕಾಕಾನ ಸಡಿಲ ಚಾಕು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಈ ಹಿಂದೆ ಏನನ್ನೂ ಬರೆದವನಲ್ಲ. ನಗಿಸುವ ಮಾತನ್ನೂ ಬಿಡಿಸಿ ಬಿಡಿಸಿ ಹೇಳಿ ಕೆಡಿಸಿಬಿಡುತ್ತೇನೆಂದು ಮನೆಯವರೆಲ್ಲ ಹೇಳುತ್ತಾರೆ. ಆದರೆ ಚಾಕು ಮಾಡುವವರ ಮನೆಯಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಯಾರಾದರೊಬ್ಬರು ಬರೆದಿಡಬೇಕಲ್ಲ.

ಕಾಸಾರಶಿರಸಿಯಲ್ಲಿ ನಮ್ಮ ಕುಲುಮೆ. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದಿತ್ತು, ಮಹಾರಾಷ್ಟ್ರ ರಾಜ್ಯ ಇನ್ನೂ ಆಗಿರಲಿಲ್ಲ. ಅಪ್ಪ ಮತ್ತು ಅವನ ತಮ್ಮ, ಅಂದರೆ ನಮ್ಮ ಕಾಕಾ, ರೈತರಿಗಾಗಿ ದಪ್ಪ ಮಡಚುವ ಚಾಕು ಮಾಡುತ್ತಿದ್ದರು. ಸಂತೆಗೆ ಒಯ್ದು ಮಾರುವವನು ನಾನು.

ಇಲ್ಲಿ ಒಂದು ವಿಷಯ ತಿಳಿಸಬೇಕು. ಮಡಚುವ ಚಾಕುವಿನ ಬೆನ್ನಿಗೆ ಉಕ್ಕಿನ ಕಮಾನು ಇರುತ್ತದೆ. ಅದು ಬಿಗಿಯಾಗಿದ್ದರೆ ಅಲಗು ಅಲುಗುವುದಿಲ್ಲ, ಎಂಥ ಹಗ್ಗವನ್ನೂ ಕೊಯ್ಯುತ್ತದೆ. ಆದರೆ ತೆರೆಯುವಷ್ಟರಲ್ಲಿ ಉಗುರು ಕಿತ್ತು ಬರುತ್ತದೆ. ಸಡಿಲವಾಗಿದ್ದರೆ ಒಂದೇ ಬೆರಳಿಗೆ ‘ಟಕ್’ ಅಂತ ತೆರೆಯುತ್ತದೆ. ಆದರೆ ಕೊಯ್ಯುವಾಗ ಅಲಗು ಕುಡಿದವನಂತೆ ತೂಗಾಡುತ್ತದೆ. ಅಪ್ಪನದು ಬಿಗಿ. ಕಾಕಾನದು ಸಡಿಲ.

ಅಜ್ಜ ತೀರಿಕೊಂಡ ಮೇಲೆ ಜಗಳ ಹುಟ್ಟಿದ್ದು ಅವನ ತ್ರಿಶೂಲದ ಠಸ್ಸೆಗಾಗಿ. ಠಸ್ಸೆ ಅಂದರೆ ಅಲಗಿನ ಮೇಲೆ ಗುರುತು ಹೊಡೆಯುವ ಅಚ್ಚು. ಒಂದು ಕುಲುಮೆ, ಒಂದೇ ನಮೂನೆಯ ಚಾಕು, ಅದಕ್ಕೆ ಮಾತ್ರ ತ್ರಿಶೂಲ ಎಂಬುದು ಅಜ್ಜನ ಮಾತು. ಯಾರ ಚಾಕುವಿಗೆ ಹೊಡೆಯಬೇಕು? ಇಬ್ಬರೂ ಮಾತು ಬಿಟ್ಟರು. ಕೊನೆಗೆ ಅವ್ವ ಠಸ್ಸೆಯನ್ನು ಎತ್ತಿ ಜೋಳದ ಗಡಿಗೆಯೊಳಗೆ ಹಾಕಿ, “ಯಾವುದು ಛಲೋ ಅಂತ ಊರ ಮಂದಿ ಹೇಳ್ಲಿ. ಅಲ್ಲೀ ತನಕ ಇದು ಜೋಳದಾಗ ಮಲಗಿರ್ಲಿ” ಅಂದಳು.

ಸಾವುಕಾರರ ಟಕ್

ಉಮರ್ಗಾದ ಧಾನ್ಯದ ಅಡತಿ ಅಂಗಡಿಯ ಸಾವುಕಾರರು ಕಾಕಾನ ಚಾಕು ತಗೊಂಡರು. ಗಾದಿಯ ಮೇಲೆ ಕೂತು ಟಕ್ ಅಂತ ತೆರೆಯುವುದು, ಟಕ್ ಅಂತ ಮುಚ್ಚುವುದು. ರೈತರು ಜೋಳದ ಧಾರಣೆ ಕೇಳಿದರೂ ಟಕ್, ಚಹಾ ಬಂದರೂ ಟಕ್. ಕಾಕಾ ಇದನ್ನು ಕೇಳಿ ಮೀಸೆ ತಿರುವಿದ.

ಮುಂದಿನ ಸಂತೆಗೆ ಹೋದಾಗ ನೋಡುತ್ತೇನೆ, ಸಾವುಕಾರರು ಗೋಣಿಚೀಲದ ಹೊಲಿಗೆಯನ್ನು ಹಲ್ಲಿನಿಂದ ಹರಿಯುತ್ತಿದ್ದಾರೆ! ಚಾಕು ಪಕ್ಕದಲ್ಲೇ ಇದೆ.

“ಸಾವುಕಾರ್ರ, ಚಾಕು ಅದಲ್ರೀ?”

ಅವರು ಬಾಯಿಂದ ಸುತಳಿಯ ಎಳೆ ತೆಗೆದು ಹೇಳಿದರು: “ಏ ಹುಚ್ಚಾ, ಚೀಲಾ ಕೊಯ್ದು ಇಷ್ಟು ಛಂದ ಚಾಕು ಹಾಳು ಮಾಡ್ಕೊಳ್ಲೇನು?”

ನಿಲಂಗಾದ ನಾಕಾ

ಆಗ ನಿಲಂಗಾದ ದಾರಿಯ ನಾಕಾದಲ್ಲಿ ಪೊಲೀಸರು ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದರು. ಒಬ್ಬ ಪೊಲೀಸಪ್ಪ ನನ್ನ ಚೀಲದಿಂದ ಕಾಕಾನ ಚಾಕು ಎತ್ತಿದ. ಬೆರಳು ತಾಗಿದ್ದೇ ತಡ, ಟಕ್! ಅಂವ ಒಂದು ಮಾರು ಹಿಂದೆ ಜಿಗಿದು, “ಅರೇ, ಯೆ ತೋ ಹತ್ಯಾರ್ ಹೈ!” ಎಂದು ಕೂಗಿದ. ಹತ್ಯಾರ್ ಅಂದರೆ ಆಯುಧ.

ಜಮಾದಾರರು ಬಂದರು. ಅವರ ಕೈಗೆ ಸಿಕ್ಕಿದ್ದು ಅಪ್ಪನ ಚಾಕು. ಉಗುರು ಹಾಕಿದರು, ಬರಲಿಲ್ಲ. ಹಲ್ಲು ಹಾಕಿದರು, ಬರಲಿಲ್ಲ. ಕೊನೆಗೆ ಜಮಾದಾರರು ಹಿಡಿಯನ್ನು, ಪೊಲೀಸಪ್ಪ ಅಲಗಿನ ಬೆನ್ನನ್ನು ಹಿಡಿದು ಜಗ್ಗಿದರು. ಜಮಾದಾರರ ಪೇಟ ಬಿತ್ತು, ಚಾಕು ಮಾತ್ರ ತೆರೆಯಲಿಲ್ಲ.

ಜಮಾದಾರರು ಬೆವರು ಒರೆಸಿಕೊಂಡು ಪೊಲೀಸಪ್ಪನಿಗೆ ಅಂದರು: “ಇಂವನ್ನ ಬಿಡೋ. ಇದನ್ನ ತೆಗಿಯೂದರಾಗ, ಯಾರನ್ನ ಹೊಡೀಬೇಕಂತ ಬಂದಿದ್ನೋ ಅಂವಾ ಊಟಾ ಮಾಡಿ ಮಲಗಿರ್ತಾನ.”

ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಹೊಗಳಿಕೆಯೆಂದೇ ತಿಳಿದುಕೊಂಡ.

ಎತ್ತಿನ ಪರೀಕ್ಷೆ

ಆದರೆ ತೆರೆದ ಮೇಲೆ ಅಪ್ಪನ ಚಾಕು ಏನೆಂಬುದನ್ನೂ ಹೇಳಬೇಕು. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ.

ಉಮರ್ಗಾದ ದನದ ಬಾಜಾರಿನಲ್ಲಿ ಒಬ್ಬ ಹಿರಿಯ ರೈತರು ಎತ್ತು ಮಾರಲು ನಿಂತಿದ್ದರು. ನಾನು ಅಪ್ಪನ ಚಾಕುಗಳನ್ನು ಮನೆಯಿಂದಲೇ ತೆರೆದು ತಂದಿದ್ದೆ. ಗಿರಾಕಿಯ ಎದುರು ತೆರೆಯಲು ಹೋದರೆ ಮಾನ ಹೋಗುತ್ತಿತ್ತು.

“ಧಾರ ಅದ ಏನೋ ತಮ್ಮಾ?” ಅಂದರು.

“ಯಾವುದರ ಮ್ಯಾಲರೆ ಹಚ್ಚಿ ನೋಡ್ರಿ ಮಾಮಾ” ಅಂದೆ.

ನೋಡಿ, ತಪ್ಪಾದದ್ದು ಇಲ್ಲಿಯೇ. ‘ಯಾವುದರ ಮೇಲಾದರೂ’ ಎಂದು ಯಾರಿಗೂ ಹೇಳಬಾರದು. ಅವರು ಕೈಗೆ ಹತ್ತಿರವಿದ್ದ ಹಗ್ಗಕ್ಕೆ ಹಚ್ಚಿದರು. ಅದು ಎತ್ತು ಕಟ್ಟಿದ್ದ ಹಗ್ಗ. ನಾರಿನದು, ಹೆಬ್ಬೆರಳಿನಷ್ಟು ದಪ್ಪ. ಒಂದೇ ಏಟಿಗೆ ಎರಡು ತುಂಡು! ಎತ್ತು ಒಂದು ಕ್ಷಣ ನನ್ನನ್ನು ನೋಡಿತು, ಆಮೇಲೆ ಮೆಣಸಿನಕಾಯಿ ರಾಶಿಯ ನಡುವೆ ಹಾದು ಹೆದ್ದಾರಿ ಹಿಡಿಯಿತು. ಬಾಜಾರಿಗೆ ಬಾಜಾರೇ ಸೀನುತ್ತ ಅದರ ಹಿಂದೆ ಓಡಿತು.

ರೈತರು ಮಾತ್ರ ನಿಂತಲ್ಲೇ ನಿಂತು ತುಂಡಾದ ಹಗ್ಗದ ತುದಿಯನ್ನು ಸವರಿ ನೋಡುತ್ತಿದ್ದರು. “ವಾಹ್! ಒಂದು ಎಳಿನೂ ಎದ್ದಿಲ್ಲ ನೋಡು. ಇದು ನನಗ ಬೇಕು. ನೀ ಹೋಗಿ ಎತ್ತು ಹಿಡ್ಕೊಂಡು ಬಾ, ಆಮ್ಯಾಲ ಮಾತಾಡೂಣು.”

ಉದಗೀರದ ನಿಂಬೆಹಣ್ಣು

ಕಾಕಾನ ಮಗನ ಮದುವೆ ಉದಗೀರದಲ್ಲಿ. ನಮ್ಮ ಕಡೆ ಮದುಮಗ ಕೈಯಲ್ಲಿ ಕಟ್ಯಾರ, ಅಂದರೆ ಕಠಾರಿ, ಹಿಡಿಯಬೇಕು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು, ಅಕ್ಷತೆ ಬೀಳುವತನಕ ಹಣ್ಣು ನೆಲಕ್ಕೆ ಬೀಳಬಾರದು. ಆದರೆ ಪೊಲೀಸ್ ಆಕ್ಷನ್ ಆದಾಗ ಊರಿನ ಕಟ್ಯಾರಗಳೆಲ್ಲ ಠಾಣೆ ಸೇರಿದ್ದವು. ಕಾಕಾ, “ಕಟ್ಯಾರ ಯಾಕ ಬೇಕು? ನನ್ನ ಚಾಕು ಅದಲ್ಲ” ಎಂದು ತನ್ನದನ್ನೇ ಟಕ್ ಅಂತ ತೆರೆದು ಮಗನ ಕೈಗಿಟ್ಟ.

ಮಂಗಳಾಷ್ಟಕ ಶುರುವಾಯಿತು. ಮದುಮಗ ತಲೆ ಬಾಗಿಸಿದ. ನಿಂಬೆಹಣ್ಣಿನ ಭಾರಕ್ಕೆ ಚಾಕು ತಾನೇ ಮಡಚಿಕೊಂಡಿತು! ಹಣ್ಣು ಉರುಳಿ ಹೆಂಗಸರ ನಡುವೆ ಹೋಯಿತು. ಇನ್ನೊಂದು ಹಣ್ಣು ತಂದು ಚುಚ್ಚಿದರು. ಅದೂ ಬಿತ್ತು. ಮದುಮಗಳ ಸೋದರಮಾವ ಎದ್ದು ನಿಂತ.

“ಬೀಗರ, ಇದು ಛಲೋ ಶಕುನ ಅಲ್ಲ. ಅಕ್ಷತಿ ತಡೀರಿ!”

ಹಲಗೆ ವಾದ್ಯದ ಬಡಿತ ನಿಂತಿತು. ಎಷ್ಟೋ ತಿಂಗಳ ಮೇಲೆ ಕಾಕಾ ಅಪ್ಪನ ಮುಖ ನೋಡಿ ಒಂದು ಮಾತಾಡಿದ: “ಅಣ್ಣಾ, ನಿಂದು ಅದ ಏನು?”

ಅಪ್ಪ ಸೊಂಟದಿಂದ ತನ್ನ ಚಾಕು ತೆಗೆದ. ತೆರೆಯಬೇಕಲ್ಲ! ಅಪ್ಪ ಹಿಡಿ ಹಿಡಿದ, ಕಾಕಾ ಅಲಗಿನ ಬೆನ್ನು ಹಿಡಿದ, ಇಬ್ಬರೂ ಮಂಟಪದ ಕಂಬಕ್ಕೆ ಕಾಲು ಕೊಟ್ಟು ಜಗ್ಗಿದರು. ಕಂಬ ಅಲ್ಲಾಡಿತು, ಚಪ್ಪರದ ಮಾವಿನೆಲೆ ಉದುರಿದವು, ಚಾಕು ತೆರೆಯಿತು! ಹಣ್ಣು ಚುಚ್ಚಿದರು. ಮದುಮಗ ಬಾಗಿದ, ಎದ್ದ, ತಿರುಗಿದ, ಹಣ್ಣು ಅಲುಗಲಿಲ್ಲ. ಹಲಗೆ ಬಡಿದರು, ಅಕ್ಷತೆ ಬಿತ್ತು.

ಇನ್ನು ಮುಚ್ಚಬೇಕು. ಮುಚ್ಚಲಿಲ್ಲ. ಕಟ್ಯಾರವಾದರೆ ಒರೆಗೆ ಹಾಕಿ ಸೊಂಟಕ್ಕೆ ಸಿಕ್ಕಿಸಬಹುದು. ತೆರೆದ ಚಾಕುವನ್ನು ಎಲ್ಲಿ ಸಿಕ್ಕಿಸುವುದು? ಮನೆ ಮುಟ್ಟುವ ಮೊದಲು ಮದುಮಗ ಅದನ್ನು ಕೆಳಗಿಡಬಾರದೆಂಬ ಶಾಸ್ತ್ರ ಬೇರೆ. ಹೀಗಾಗಿ ಮದುಮಗ ಬಲಗೈಯಲ್ಲಿ ಚಾಕು ಹಿಡಿದೇ ಊಟಕ್ಕೆ ಕೂತ. ತುತ್ತು ತಿನ್ನಿಸುವ ಶಾಸ್ತ್ರಕ್ಕೆ ಒಂದು ತುತ್ತು ಸಾಕಾಗಿತ್ತು. ಮದುಮಗಳು ಇಡೀ ಊಟವನ್ನೇ ತಿನ್ನಿಸಬೇಕಾಯಿತು.

ಕಾಕಾ ಕೈಮುಗಿದ. “ಅಣ್ಣಾ, ನಾ ಸೋತೆ. ತ್ರಿಶೂಲ ನಿನ್ನ ಚಾಕೂಗೇ ಹೊಡಿ. ಆದರ ಇದನ್ನೊಂದು ಮುಚ್ಚಿ ಕೊಡೋ ಮಾರಾಯಾ!”

ಆಗ ಅಲ್ಲಿಯವರೆಗೆ ತಲೆ ಎತ್ತದ ಮದುಮಗಳು ಮೆಲ್ಲಗೆ ಅಂದಳು: “ಅವಸರ ಬ್ಯಾಡ್ರಿ ಮಾವನೋರ. ಹಿಂಗೇ ಇರ್ಲಿ. ಇಷ್ಟು ಸುಮ್ಮಕ ಕೂಡೂ ಗಂಡಾ ಯಾರಿಗೆ ಸಿಗ್ತಾನ?”

ಅಂದಿನಿಂದ ನಮ್ಮ ಕುಲುಮೆಯ ತ್ರಿಶೂಲ ಅಪ್ಪನ ಬಿಗಿ ಚಾಕುವಿಗೇ. ಲೋಹಾರಾದಿಂದ ಉದಗೀರದವರೆಗೆ ಯಾರನ್ನಾದರೂ ಕೇಳಿ, ನಮ್ಮ ಚಾಕುವಿನ ಅಲಗು ಅಲುಗಿದ್ದನ್ನು ಕಂಡವರಿಲ್ಲ. ಮದುಮಗನ ಚಾಕು ಕೊನೆಗೆ ಹೇಗೆ ಮುಚ್ಚಿತು ಎಂಬುದನ್ನೂ ತಿಳಿಸಬೇಕು. ಅದು ಕಷ್ಟವೇನಲ್ಲ, ಗೊತ್ತಿದ್ದರೆ ಮಕ್ಕಳೂ ಮಾಡಬಹುದು. ಮೊದಲು ಹಿಡಿಯನ್ನು ಎಡಗೈಯಲ್ಲಿ ಹಿಡಿದು, ಕಮಾನಿನ ಬಾಲದ ಕಡೆಗೆ ಹೆಬ್ಬೆರಳನ್ನು…

ತಡೆಯಿರಿ, ನನ್ನ ಹೆಂಡತಿ ಅಂಗಡಿಯಿಂದ ಕೂಗುತ್ತಿದ್ದಾಳೆ: “ಏನ್ರೀ, ಬರದಿದ್ದು ಸಾಕು, ಲಗೂನ ಬರ್ರಿ! ಮುಂಜಾನಿ ಚಾಕು ಒಯ್ದ ಗಿರಾಕಿ ಬಂದಾನ, ತೆರದಾನಂತ, ಮುಚ್ಚಲಿಕ್ಕ ಬರವಲ್ದಂತ, ಈಗ ಅದನ್ನ ಹಿಡ್ಕೊಂಡು ಹೋದ್ರ ಮನಿ ಮಂದಿ ಬಾಗಲಾ ದಾಟಿ ಒಳಗ ಬಿಡವಲ್ರಂತ!”